ಅಲ್ಪಶುಲ್ಕದ ವಿಮಾನಯಾನ: ಏರ್ ಡೆಕ್ಕನ್ ಸಂಸ್ಥೆಯ ವೃತ್ತಾಂತವಿಚಾರ

ಕೌಟಿಲ್ಯನ ಅರ್ಥಶಾಸ್ತ್ರವು ೧೯೦೯ರಲ್ಲಿ ಮೊದಲು ಅಚ್ಚಾಗಿ ಹೊರಬಂದುದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಿಂದ, ರುದ್ರಪಟ್ಟಣದ ಶಾಮಶಾಸ್ತ್ರಿಗಳ ಪರಿಶ್ರಮದ ಫಲವಾಗಿ, ಎಂಬುದು ವಾಚಕರಿಗೆ ವಿದಿತವಾಗಿಯೇ ಇದೆ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನ ಪ್ರಕರಣವೊಂದುಂಟು. ಹೊರೆಹೊತ್ತ ಮನುಷ್ಯನು ಹೊಳೆಯನ್ನು ದಾಟಲು ಒಂದು ಮಾಷಕವನ್ನು ತೆರಬೇಕು. ತಲೆಹೊರೆಗೂ ಹಸು ಕುದುರೆಗಳಿಗೂ ಎರಡು. ಒಂಟೆ ಎಮ್ಮೆಗಳಿಗೆ ನಾಲ್ಕು. ಮಹಾನದಿಗಳಲ್ಲಿ ಈ ಶುಲ್ಕವು ಇಮ್ಮಡಿ. ಇದಕ್ಕಿಂತಲೂ ಗಮನಾರ್ಹವಾದುದು ಅಲ್ಲಿಯ ಇನ್ನೊಂದು ವಿಧಿ: ಬೇಸಗೆಯಲ್ಲಿಯೂ ಬತ್ತದ ಮಹಾನದಿಗಳಲ್ಲಿ ದೊಡ್ಡ ನಾವೆಗಳನ್ನು ನಡೆಯಿಸತಕ್ಕದ್ದು, ಮಳೆಗಾಲದಲ್ಲಿ ಮಾತ್ರ ಹರಿಯುವ ಕಿರುಹೊಳೆಗಳಲ್ಲಿ ಸಣ್ಣ ನಾವೆಗಳನ್ನು. ವಾಹನವು ಮಾರ್ಗಕ್ಕೆ ಅನುಗುಣವಾಗಿರಬೇಕೆಂಬ ಈ ಮಾತು ಕೇಳುವುದಕ್ಕೆ ಅತಿ ಸರಳವಾಗಿದೆ. ಆದರೆ ಕರ್ಣಾಟಕದಲ್ಲಿ ಹುಟ್ಟಿ ಭರತಖಂಡವನ್ನೆಲ್ಲ ವ್ಯಾಪಿಸಿ ಕೆಲವೇ ವರ್ಷಗಳಲ್ಲಿ ಹೆಸರಳಿದುಹೋದ ಒಂದು ವಿಮಾನಸಂಸ್ಥೆಯ ವೃತ್ತಾಂತವನ್ನು ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕೀಲಿಕೈ ನನಗೆ ಕಂಡುಬಂದಿಲ್ಲ.

ವಿಮಾನವೆಂದೊಡನೆ ಪಂಡಿತನಾದವನು ‘ವೈಮಾನಿಕ ಶಾಸ್ತ್ರ’ವನ್ನು ಪ್ರಸ್ತಾಪಿಸಬೇಕೆಂದು ಕೆಲವರು ನಿರೀಕ್ಷಿಸುವುದುಂಟು. ಆ ಗ್ರಂಥವು ಇಪ್ಪತ್ತನೆಯ ಶತಮಾನದ್ದೇ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೧೯೭೪ರಲ್ಲಿಯೇ ತೋರಿಸಿರುವುದರಿಂದ ಅದರ ಗೊಡವೆ ಇಲ್ಲಿ ಬೇಡ.

ಪ್ರಕೃತಕ್ಕೆ ಬರೋಣ. ೧೯೫೩ರ ಶಾಸನದಿಂದ ನಮ್ಮ ದೇಶದ ವಿಮಾನಯಾನವು ಸರ್ಕಾರದ ಕೈಸೇರಿತು. ೧೯೯೪ರಲ್ಲಿ ಆ ಶಾಸನವು ರದ್ದಾಯಿತು. ಆಗ ತಲೆಯೆತ್ತಿದ ಈಸ್ಟ್‌ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಮುಂತಾದ ಖಾಸಗಿ ಸಂಸ್ಥೆಗಳಲ್ಲಿ ಬಹುತೇಕ ಎಲ್ಲವೂ ಆ ದಶಕದಲ್ಲಿಯೇ ಮುಚ್ಚಿಹೋದುವು. ಉಳಿದವುಗಳ ಶುಲ್ಕವು ಧನಿಕರಿಗೂ ಅಧಿಕಾರಿಗಳಿಗೂ ಮಾತ್ರ ಎಟುಕುವಂಥದಾಗಿದ್ದಿತು. ಇಂಥ ಕಾಲದಲ್ಲಿ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥರು ಈ ಕ್ಷೇತ್ರವನ್ನು ಪ್ರವೇಶಿಸಿದರು. ಇವರು ಸೈನ್ಯದಲ್ಲಿದ್ದವರು, ಅದನ್ನು ಬಿಟ್ಟು ಜಾವಗಲ್ಲಿನ ಬಳಿ ರೇಷ್ಮೆ ಮೊದಲಾದ ಕೃಷಿಯಲ್ಲಿ ತೊಡಗಿದ್ದವರು. ೧೯೯೭ರಲ್ಲಿ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಕೊಡುವ ಉದ್ಯಮವನ್ನು ಆರಂಭಿಸಿ, ೨೦೦೩ರ ಆಗಸ್ಟ್ ತಿಂಗಳಿನಲ್ಲಿ ಏರ್ ಡೆಕ್ಕನ್ ಎಂಬ ವಿಮಾನಸಂಸ್ಥೆಯನ್ನು ನಡೆಗೆ ತಂದರು. ಬೆಂಗಳೂರು–ಹುಬ್ಬಳ್ಳಿ ಮಾರ್ಗವು ಅದರ ಮೊದಲ ಮಾರ್ಗಗಳಲ್ಲೊಂದು. ನಮ್ಮ ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣರ ಚೌಕಳಿ ಅಂಗಿಯ ‘ಸಾಮಾನ್ಯ ಮನುಷ್ಯ’ನನ್ನು ಸಂಸ್ಥೆಯು ತನ್ನ ಲಾಂಛನವನ್ನಾಗಿ ಮಾಡಿಕೊಂಡಿತು. ಅರ್ಧ ಶತಮಾನ ಬಾಯಿಬಿಡದೆ ಎಲ್ಲವನ್ನೂ ನೋಡುತ್ತ ನಿಂತ ಆ ವೃದ್ಧನನ್ನು ಕೊನೆಗೂ ವಿಮಾನ ಹತ್ತಿಸಿದವರು ಇವರೇ.

ಅಲ್ಪಶುಲ್ಕವು ಹೇಗೆ ಸಾಧ್ಯವಾಯಿತು? ಅಂಗಡಿಯಲ್ಲಿ ಇಂದು ಮಾರಾಟವಾಗದ ಬಟ್ಟೆ ನಾಳೆ ಮಾರಾಟವಾಗಬಹುದು. ವಿಮಾನದ ಪೀಠವು ಹಾಗಲ್ಲ. ಬಾಗಿಲು ಮುಚ್ಚಿದ ಕ್ಷಣದಲ್ಲಿಯೇ ಖಾಲಿಪೀಠದ ಮೌಲ್ಯವು ಸೊನ್ನೆಯಾಗುತ್ತದೆ. ಆದಕಾರಣ ಖಾಲಿ ಹಾರಿಸುವುದಕ್ಕಿಂತ ಯಾವ ದರಕ್ಕಾದರೂ ಮಾರುವುದು ಮೇಲು. ಮುಂಚಿತವಾಗಿ ಕೊಂಡವನಿಗೆ ಕಡಿಮೆ, ಕೊನೆಗೆ ಬಂದವನಿಗೆ ಹೆಚ್ಚು ಎಂಬ ಏರಿಳಿತದ ದರವನ್ನು ಸಂಸ್ಥೆಯು ಅನುಸರಿಸಿತು. ಕೆಲವು ಪೀಠಗಳನ್ನು ಒಂದು ರೂಪಾಯಿಗೂ ಕೊಟ್ಟಿತು. ಊಟೋಪಚಾರಗಳನ್ನು ಬಿಟ್ಟಿತು. ಅಂತರ್ಜಾಲದಲ್ಲಿ ಟಿಕೆಟ್ಟುಗಳನ್ನು ಮಾರಿ ದಲ್ಲಾಳಿಯ ಪಾಲನ್ನು ಕಡಿಮೆಮಾಡಿತು. ಪೆಟ್ರೋಲ್ ಬಂಕುಗಳಲ್ಲಿಯೂ ಟಿಕೆಟ್ಟು ದೊರೆಯುವಂತೆ ಏರ್ಪಡಿಸಿತು.

ಇವೆಲ್ಲ ಜನರ ಕಣ್ಣಿಗೆ ಬಿದ್ದ ಉಪಾಯಗಳು. ಕಣ್ಣಿಗೆ ಬೀಳದ ಉಪಾಯವು ಸಣ್ಣ ನಾವೆಯದು. ಸಂಸ್ಥೆಯು ಮೊದಲು ಬಳಸಿದುದು ೪೮ ಪೀಠಗಳ ಎಟಿಆರ್ ವಿಮಾನ. ರೆಕ್ಕೆಯಂತ್ರದ ಇಂಥ ಸಣ್ಣ ವಿಮಾನಗಳ ಇಂಧನಕ್ಕೆ ಮಾರಾಟ ತೆರಿಗೆಯು ಶೇಕಡಾ ೪ಕ್ಕೆ ಸೀಮಿತವಾಗಿದ್ದಿತು; ದೊಡ್ಡ ವಿಮಾನಗಳ ಇಂಧನಕ್ಕೆ ಅನೇಕ ರಾಜ್ಯಗಳಲ್ಲಿ ಶೇಕಡಾ ೨೦ರಿಂದ ೩೦ರವರೆಗೆ ತೆರಿಗೆ. ೮೦ಕ್ಕಿಂತ ಕಡಿಮೆ ಪೀಠಗಳ ವಿಮಾನಕ್ಕೆ ನಿಲ್ದಾಣದಲ್ಲಿ ಇಳಿಯುವ ಶುಲ್ಕದ ವಿನಾಯಿತಿಯೂ ದೊರೆಯಿತು. ಹುಬ್ಬಳ್ಳಿಯಂಥ ಊರಿನಲ್ಲಿ ಪ್ರತಿಸ್ಪರ್ಧಿಯಿಲ್ಲ, ಕಿರಿದಾದ ಓಡುದಾರಿಯೇ ಸಾಕು. ಇಲ್ಲಿಯವರೆಗೆ ವಾಹನವು ಮಾರ್ಗಕ್ಕೆ ಅನುಗುಣವಾಗಿಯೇ ಇದ್ದಿತು.

೨೦೦೪ರಲ್ಲಿ ಸಂಸ್ಥೆಯು ೧೮೦ ಪೀಠಗಳ ಏರ್‌ಬಸ್ ವಿಮಾನಗಳನ್ನೂ ತಂದು ಡೆಲ್ಲಿ, ಮುಂಬಯಿಗಳ ಮಹಾನದಿಗಳಿಗೆ ಇಳಿಯಿತು. ಇದನ್ನು ದುರಾಶೆಯೆಂದು ಹಳಿಯಲಾಗದು. ದೊಡ್ಡ ವಿಮಾನದಲ್ಲಿ ಪೀಠವೊಂದಕ್ಕೆ ತಗಲುವ ವೆಚ್ಚವು ಕಡಿಮೆ. ಆದರೆ ಆ ನದಿಗಳಲ್ಲಿ ಬೇರೆ ನಾವಿಕರೂ ಇಳಿದರು. ೨೦೦೫ರಲ್ಲಿ ಕಿಂಗ್‌ಫಿಷರ್, ಸ್ಪೈಸ್‌ಜೆಟ್, ಗೋಏರ್; ೨೦೦೬ರಲ್ಲಿ ಇಂಡಿಗೋ. ಎಲ್ಲರೂ ಅದೇ ಪಟ್ಟಣಗಳ ನಡುವೆ, ಅದೇ ಪ್ರಯಾಣಿಕರಿಗಾಗಿ, ದರವನ್ನು ಇಳಿಸುತ್ತ ಬಂದರು. ಚಾಲಕರ ಅಭಾವದಿಂದ ಅವರ ವೇತನವು ಏರಿತು. ನಿಲ್ದಾಣಗಳಲ್ಲಿ ಎಡೆಸಾಲದೆ ವಿಮಾನಗಳು ಆಕಾಶದಲ್ಲಿಯೇ ಸುತ್ತುತ್ತ ಇಂಧನವನ್ನು ಸುಡಬೇಕಾಯಿತು. ಇಳಿದ ವಿಮಾನವು ಬೇಗನೆ ಮರಳಿ ಹಾರಿದರಷ್ಟೇ ಅಲ್ಪಶುಲ್ಕವು ಗಿಟ್ಟುವುದು. ಒಂದು ಮುಂಜಾನೆಯ ವಿಳಂಬವು ಆ ದಿನದ ಎಲ್ಲ ಹಾರಾಟಗಳನ್ನೂ ಹಿಂದೆಳೆಯುತ್ತಿದ್ದಿತು.

ಸಂಕಟದ ಸ್ವರೂಪವು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ೪೮ ಪೀಠಗಳ ವಿಮಾನದ ಒಂದು ಹಾರಾಟಕ್ಕೆ ೬೦,೦೦೦ ರೂಪಾಯಿ ವೆಚ್ಚವೆಂದೂ ಸರಾಸರಿ ಶುಲ್ಕವು ೧,೫೦೦ ರೂಪಾಯಿಯೆಂದೂ ಇಟ್ಟುಕೊಳ್ಳೋಣ. ೪೦ ಪೀಠಗಳು ತುಂಬಿದರೆ ಅಸಲು ಬಂದಿತು. ಉಳಿದ ಎಂಟು ಪೀಠಗಳೇ ಲಾಭ. ವೆಚ್ಚದಲ್ಲಿ ಶೇಕಡಾ ೪೦, ಎಂದರೆ ೨೪,೦೦೦ ರೂಪಾಯಿ, ಇಂಧನದ್ದಾಗಿರಲಿ. ಇಂಧನವು ಮೂರನೆಯ ಒಂದು ಪಾಲಿನಷ್ಟು ತುಟ್ಟಿಯಾದರೆ ಒಟ್ಟು ವೆಚ್ಚವು ೬೮,೦೦೦. ಈಗ ೪೬ ಪೀಠಗಳು ತುಂಬಬೇಕು. ಆ ಸಮಯದಲ್ಲಿಯೇ ಪ್ರತಿಸ್ಪರ್ಧಿಯು ದರವನ್ನು ೧,೩೦೦ಕ್ಕೆ ಇಳಿಸಿದನೆಂದರೆ ೫೩ ಪೀಠಗಳು ಬೇಕು, ವಿಮಾನದಲ್ಲಿರುವುದು ೪೮. ಅಂದರೆ ವಿಮಾನವು ತುಂಬಿತುಳುಕುತ್ತಿದ್ದರೂ ನಷ್ಟವೇ. ಜನರು ನೂಕುನುಗ್ಗಲಾಗಿ ಹತ್ತುತ್ತಿದ್ದುದನ್ನು ಕಂಡು ಸಂಸ್ಥೆಯು ಲಾಭದಲ್ಲಿದೆಯೆಂದು ಊಹಿಸಿದವರು ಹೇತ್ವಾಭಾಸಕ್ಕೆ ಸಿಲುಕಿದರು. ಪೀಠಗಳು ತುಂಬುವುದು ಲಾಭಕ್ಕೆ ಅವಶ್ಯವೇ ಹೊರತು ಪರ್ಯಾಪ್ತವಲ್ಲ.

ನಡೆದುದೂ ಹೆಚ್ಚುಕಡಿಮೆ ಹೀಗೆಯೇ. ೬೦ಕ್ಕೂ ಹೆಚ್ಚು ಊರುಗಳಿಗೆ ಹಾರುತ್ತ, ಪ್ರಯಾಣಿಕರ ಸಂಖ್ಯೆಯಲ್ಲಿ ಜೆಟ್ ಏರ್‌ವೇಸಿನ ನಂತರದ ಸ್ಥಾನಕ್ಕೇರಿದ್ದ ಸಂಸ್ಥೆಯು ನಷ್ಟವನ್ನು ಮಾತ್ರ ತಪ್ಪಿಸಿಕೊಳ್ಳಲಾರದೆ ಹೋಯಿತು. ೨೦೦೬ರ ಮೇ ತಿಂಗಳಿನಲ್ಲಿ ಸಾರ್ವಜನಿಕರಿಗೆ ಷೇರುಗಳನ್ನು ನೀಡಹೊರಟಾಗಲೇ ಷೇರುಪೇಟೆಯು ಕುಸಿಯಿತು. ಅವಧಿಯನ್ನು ಮುಂದೂಡಿ ದರವನ್ನಿಳಿಸಿ ಹೇಗೋ ಪೂರೈಸಬೇಕಾಯಿತು. ೨೦೦೭ರಲ್ಲಿ ಕಿಂಗ್‌ಫಿಷರಿನ ಒಡೆಯರಾದ ವಿಜಯ ಮಲ್ಯರ ಸಮೂಹವು ಶೇಕಡಾ ೨೬ರಷ್ಟು ಪಾಲನ್ನು ಕೊಂಡಿತು. ಇಂಡಿಗೋ ಸಂಸ್ಥೆಯು ಒಂದೇ ಜಾತಿಯ ೧೦೦ ಏರ್‌ಬಸ್ ವಿಮಾನಗಳನ್ನು ೨೦೦೫ರಲ್ಲಿಯೇ ಕೋರಿ, ಆರಂಭದಲ್ಲಿ ಮಹಾನದಿಗಳಿಗೆ ಮಾತ್ರ ಅಂಟಿಕೊಂಡು ಉಳಿಯಿತು. ಡೆಕ್ಕನ್ ಸಂಸ್ಥೆಗೆ ಎರಡು ಜಾತಿಯ ವಿಮಾನಗಳು, ಎರಡು ಬಗೆಯ ಚಾಲಕರು, ಎರಡು ಬಗೆಯ ಬಿಡಿಭಾಗಗಳು. ಕಿರುಹೊಳೆಯಲ್ಲಿ ಗಳಿಸಿದುದನ್ನು ಮಹಾನದಿಯಲ್ಲಿ ಕಳೆದುಕೊಂಡಿತೆಂಬುದು ನನ್ನ ಅಭಿಪ್ರಾಯ. ಶುಲ್ಕದ ಅಲ್ಪತೆಯೊಂದೇ ಕಾರಣವೆಂಬ ಲೋಕವಾದವನ್ನು ನಾನು ಒಪ್ಪಲಾರೆ. ಇಂಡಿಗೋದ ಶುಲ್ಕವೂ ಅಲ್ಪವೇ ಆಗಿದ್ದಿತಷ್ಟೆ.

ಕೊಂಡವರಿಗೆ ಬೇಕಾಗಿದ್ದುದರಲ್ಲಿ ಡೆಕ್ಕನ್ನಿನ ವಯಸ್ಸೂ ಒಂದೆಂಬುದು ಇಲ್ಲಿಯ ಕೌತುಕ. ಐದು ವರ್ಷ ದೇಶದೊಳಗೆ ಹಾರಿದ, ೨೦ ವಿಮಾನಗಳುಳ್ಳ ಸಂಸ್ಥೆಗೆ ಮಾತ್ರ ವಿದೇಶಕ್ಕೆ ಹಾರುವ ಅಧಿಕಾರವೆಂಬ ನಿಯಮವು ಆಗ ಇದ್ದಿತು. ೨೦೧೬ರಲ್ಲಿ ಈ ಐದು ವರ್ಷದ ಕಟ್ಟನ್ನು ತೆಗೆದರು. ಕಿಂಗ್‌ಫಿಷರಿಗೆ ಆಗ ಮೂರೇ ವರ್ಷ, ಡೆಕ್ಕನ್ನಿಗೆ ೨೦೦೮ರ ಆಗಸ್ಟಿಗೆ ಐದು ತುಂಬುತ್ತಿದ್ದುವು. ಎರಡನ್ನೂ ಒಂದುಗೂಡಿಸಿದ ಮೇಲೆ ಆ ಸೆಪ್ಟೆಂಬರಿನಲ್ಲಿಯೇ ಕಿಂಗ್‌ಫಿಷರ್ ವಿಮಾನವು ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಅಲ್ಪಶುಲ್ಕದ ಸೇವೆಗೆ ‘ಕಿಂಗ್‌ಫಿಷರ್ ರೆಡ್’ ಎಂಬ ಹೆಸರಾಯಿತು, ಸಾಮಾನ್ಯ ಮನುಷ್ಯನ ಚಿತ್ರವು ಮಾಯವಾಯಿತು. ೨೦೧೧ರಲ್ಲಿ ಆ ಸೇವೆಯನ್ನೇ ಕೈಬಿಡುವುದಾಗಿ ಸಾರಿದರು. ೨೦೧೨ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರೇ ನೆಲಕಚ್ಚಿತು.

ಮೈಸೂರಿನವರಿಗೆ ಇದು ಪರರ ಕಥೆಯಲ್ಲ. ಸಂಸ್ಥಾನದ ಕಾಲದ ಮಂಡಕಳ್ಳಿಯ ನಿಲ್ದಾಣವನ್ನು ನವೀಕರಿಸಿ ೨೦೧೦ರಲ್ಲಿ ತೆರೆದಾಗ ಮೊದಲು ಬಂದುದು ಕಿಂಗ್‌ಫಿಷರಿನ ಎಟಿಆರ್. ಅದು ಮರುವರ್ಷವೇ ನಿಂತಿತು. ೨೦೧೩ರಲ್ಲಿ ಬಂದ ಸ್ಪೈಸ್‌ಜೆಟ್ ೨೦೧೪ರಲ್ಲಿ ಹೋಯಿತು. ಬೆಂಗಳೂರಿಗೆ ಮೂರು ಗಂಟೆಯಲ್ಲಿ ರೈಲು ಮುಟ್ಟಿಸುತ್ತಿರುವಾಗ, ನಿಲ್ದಾಣಕ್ಕೆ ಹೋಗಿ ಕಾದು ಹಾರಿ, ದೇವನಹಳ್ಳಿಯಿಂದ ಮತ್ತೆ ಊರೊಳಗೆ ಬರುವವರಾರು? ೨೦೧೭ರ ಸೆಪ್ಟೆಂಬರಿನಲ್ಲಿ ಕೇಂದ್ರಸರ್ಕಾರದ ಉಡಾನ್ ಯೋಜನೆಯಂತೆ ಟ್ರೂಜೆಟ್ ಸಂಸ್ಥೆಯು ಚೆನ್ನೈಯಿಂದ ಹಾರಿ ಬಂದ ಮೇಲೆಯೇ ಸೇವೆಯು ಸ್ವಲ್ಪ ಸ್ಥಿರವಾದುದು. ಆ ಯೋಜನೆಯಲ್ಲಿ ಆರಂಭಕ್ಕೆ ಅರ್ಧದಷ್ಟು ಪೀಠಗಳಿಗೆ, ಒಂದು ಗಂಟೆಯ ಹಾರಾಟಕ್ಕೆ ೨,೫೦೦ ರೂಪಾಯಿಯ ಮಿತಿಯಿದ್ದಿತು. ಕೊರತೆಯನ್ನು ಸರ್ಕಾರವು ಮೂರು ವರ್ಷಗಳವರೆಗೆ ತುಂಬಿಕೊಡುತ್ತಿದ್ದಿತು. ವೃದ್ಧರನ್ನೂ ರೋಗಿಗಳನ್ನೂ ಗರ್ಭಿಣಿಯರನ್ನೂ ನಾವಧ್ಯಕ್ಷನು ತನ್ನ ಮುದ್ರೆಯಿಂದ ಶುಲ್ಕವಿಲ್ಲದೆ ದಾಟಿಸಬೇಕೆಂದು ಕೌಟಿಲ್ಯನೂ ವಿಧಿಸಿದ್ದಾನೆ. ಅಲ್ಲಿ ಆ ಕೊರತೆಯು ರಾಜನದು, ಅದಕ್ಕೆ ವರ್ಷಗಳ ಮಿತಿಯಿಲ್ಲ.

ಇದೇ ಯೋಜನೆಯಡಿ ಏರ್ ಡೆಕ್ಕನ್ ಎಂಬ ಹೆಸರು ೨೦೧೭ರ ಕೊನೆಗೆ ಮಹಾರಾಷ್ಟ್ರದ ಊರುಗಳ ನಡುವೆ, ಇಪ್ಪತ್ತು ಪೀಠಗಳೂ ಇಲ್ಲದ ವಿಮಾನದಲ್ಲಿ, ಮತ್ತೆ ಕಾಣಿಸಿಕೊಂಡಿತು. ೨೦೨೦ರ ಏಪ್ರಿಲ್ ತಿಂಗಳಿನಲ್ಲಿ, ಮಹಾಮಾರಿಯ ಕಾಲದಲ್ಲಿ, ಅದೂ ನಿಂತಿತು. ಮಂಡಕಳ್ಳಿಯಲ್ಲಿ ೨೦೧೦ರಲ್ಲಿ ತೆರೆದ ಓಡುದಾರಿಯ ಉದ್ದವು ೧,೭೪೦ ಮೀಟರು. ಅಷ್ಟರಲ್ಲಿ ಎಟಿಆರ್ ಇಳಿಯುತ್ತದೆ, ತುಂಬಿದ ಏರ್‌ಬಸ್ ಇಳಿಯಲಾರದು. ಉದ್ದಮಾಡಲು ಹೊರಟರೆ ನಂಜನಗೂಡಿನ ಹೆದ್ದಾರಿ ಅಡ್ಡಬರುತ್ತದೆ.