ನೌಕರಿಯೂ ಕಾಗದಪತ್ರವೂ

ಬೆಳಗಿನ ವಾರ್ತೆ ಕೇಳಿ ನೀವು ರೇಡಿಯೋ ಆರಿಸುವ ಹೊತ್ತಿಗೆ ಕಮಲಾಪುರದ ಕಡೆಯ ಬಸ್ಸುಗಳು ಕಲಬುರಗಿಯ ನಿಲ್ದಾಣಕ್ಕೆ ಬಂದು ನಿಂತಿರುತ್ತವೆ. ಇಳಿಯುವವರಲ್ಲಿ ಕೆಂಪು ಬಾಳೆಯ ಗೊನೆ ತಂದ ರೈತರಿರುತ್ತಾರೆ, ಆಸ್ಪತ್ರೆಗೆ ಬಂದ ಮುದುಕರಿರುತ್ತಾರೆ. ಅವರ ನಡುವೆ ಬಗಲಿಗೆ ಚೀಲ ಸಿಕ್ಕಿಸಿಕೊಂಡ ಹುಡುಗ ಹುಡುಗಿಯರೂ ಇರುತ್ತಾರೆ. ಚೀಲದಲ್ಲಿ ಒಂದು ಫೈಲು, ಫೈಲಿನಲ್ಲಿ ಅಂಕಪಟ್ಟಿಗಳು, ಅವುಗಳ ನಾಲ್ಕಾರು ನಕಲುಗಳು. ಇವರು ಕೆಲಸ ಹುಡುಕುವವರು. ವಾಚಕರೇ, ನಿಮ್ಮ ಮನೆಯಲ್ಲಿಯೂ ಇಂತಹ ಮಗನೋ ಮಗಳೋ ಇರಬಹುದು. ಈ ನಾಲ್ಕು ಮಾತು ಅವರಿಗಾಗಿ. ಅವರಿಗೆ ಪುರುಸೊತ್ತಿಲ್ಲವಾದರೆ ನೀವು ಓದಿ ಹೇಳಿರಿ.

ಪರೀಕ್ಷೆಗೆ ಹೇಗೆ ಓದಬೇಕೆಂದು ಹೇಳಲು ಪುಸ್ತಕಗಳೂ ತರಬೇತಿ ಕೇಂದ್ರಗಳೂ ಬೇಕಾದಷ್ಟಿವೆ. ನಾನು ಹೇಳಹೊರಟಿರುವುದು ಅದಕ್ಕಿಂತ ಸಣ್ಣ ವಿಷಯ. ಬುದ್ಧಿ ಸಾಲದೆ ನೌಕರಿ ಕಳೆದುಕೊಂಡ ಶಿಷ್ಯರಿಗಿಂತ, ಒಂದು ಕಾಗದ ಸರಿಯಿಲ್ಲದೆ ಕಳೆದುಕೊಂಡವರೇ ನನ್ನ ಮನಸ್ಸನ್ನು ಹೆಚ್ಚು ನೋಯಿಸಿದ್ದಾರೆ. ಅವರಲ್ಲೊಬ್ಬನ ವಿಷಯದಲ್ಲಿ ತಪ್ಪು ನನ್ನದೇ.

ಆತ ಕಮಲಾಪುರದ ಸಮೀಪದ ಹಳ್ಳಿಯವನು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರುಗಳ ಪಟ್ಟಿ ಕಳಿಸುವ ಕೆಲಸ ಆ ವರ್ಷ ನನಗೆ ಬಂದಿತ್ತು. ವರ್ಗಾವಣೆ ಪತ್ರದಲ್ಲಿ ಆತನ ಹೆಸರು ಉದ್ದವಾಗಿತ್ತು. ನಾನು ಮಾತ್ರ ಹಾಜರಿ ಕರೆಯುವಾಗಿನ ಗಿಡ್ಡ ಹೆಸರನ್ನೇ ಅಭ್ಯಾಸಬಲದಿಂದ ಬರೆದುಬಿಟ್ಟೆ. “ಇಲ್ಲಿ ಸಹಿ ಮಾಡು ತಮ್ಮಾ” ಎಂದೆ, ಮಾಡಿದ. ಮೇಷ್ಟರು ಬರೆದದ್ದನ್ನು ಓದಿ ನೋಡುವ ಧೈರ್ಯ ಹದಿನೈದು ವರ್ಷದ ಹುಡುಗನಿಗೆಲ್ಲಿಂದ ಬರಬೇಕು! ಮುಂದೆ ಪದವಿ ಮುಗಿಸಿ ಒಂದು ಇಲಾಖೆಯ ಆಯ್ಕೆಪಟ್ಟಿಯಲ್ಲಿ ಆತನ ಹೆಸರು ಬಂದಿತು. ಮೂಲ ದಾಖಲೆಗಳ ಪರಿಶೀಲನೆಗೆ ಹೋದಾಗ ಆಧಾರಿನಲ್ಲೊಂದು ಹೆಸರು, ಜಾತಿ ಪತ್ರದಲ್ಲಿ ಅದೇ ಹೆಸರು, ಅಂಕಪಟ್ಟಿಯಲ್ಲಿ ಮಾತ್ರ ಬೇರೆ. ತಿದ್ದಿಸಿ ತರಲು ಕೆಲವು ದಿನಗಳ ಗಡುವು ಕೊಟ್ಟರು. ತಿದ್ದುಪಡಿ ಬರುವಷ್ಟರಲ್ಲಿ ಗಡುವು ಮೀರಿ ಸ್ಥಾನ ಮುಂದಿನವನಿಗೆ ಹೋಯಿತು. ಹುಡುಗ ನನ್ನ ಮನೆಗೆ ಬಂದು, “ನೀವು ಬರದದ್ದಕ್ಕ ನಾನೇ ಸಹಿ ಮಾಡೀನಲ್ರೀ ಸರ್, ನಂದೂ ತಪ್ಪದ” ಎಂದ. ಜಗಳವಾಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆದುದರಿಂದ ಮೊದಲ ಕೆಲಸವನ್ನು ಈ ಭಾನುವಾರವೇ ಮಾಡಿರಿ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಚಾಪೆಯ ಮೇಲೆ ನಡುವೆ ಇಟ್ಟು, ಉಳಿದ ದಾಖಲೆಗಳನ್ನೆಲ್ಲ ಅದರ ಸುತ್ತ ಹರಡಿ, ಒಬ್ಬರು ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ನೋಡುತ್ತ ಹೋಗಬೇಕು: ತನ್ನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ. ಕನ್ನಡದಲ್ಲಿ ಸರಿಯಾಗಿದ್ದು ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿರುವುದು ಬಹಳ. ನಮ್ಮ ಭಾಗದಲ್ಲಿ ಅಡ್ಡಹೆಸರು ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಎಲ್ಲಿಯೂ ಇಲ್ಲ! ನೌಕರಿಯ ಜಾಹೀರಾತು ಬರುವ ಮುನ್ನ ತಿದ್ದಿಸಿದರೆ ಅದು ಒಂದು ತಿರುಗಾಟ. ಬಂದ ಮೇಲಾದರೆ ಪ್ರಾಣಸಂಕಟ. ಅಂಕಪಟ್ಟಿಯ ತಿದ್ದುಪಡಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕವೇ ಪರೀಕ್ಷಾ ಮಂಡಲಿಗೆ ಬರೆಯಬೇಕು. ಊರಿನ ಹೆಸರಿನ ವ್ಯತ್ಯಾಸಕ್ಕೆ ಮಾತ್ರ ಅಂಜಬೇಕಾಗಿಲ್ಲ. ಗುಲ್ಬರ್ಗ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಕಮಲಾಪುರ ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಹಳೆಯ ಪತ್ರದಲ್ಲಿ ಗುಲ್ಬರ್ಗ ತಾಲ್ಲೂಕು ಎಂದೂ ಹೊಸದರಲ್ಲಿ ಕಮಲಾಪುರ ತಾಲ್ಲೂಕು ಎಂದೂ ಇದ್ದರೆ ಅದು ಸರ್ಕಾರವೇ ಮಾಡಿದ ಬದಲಾವಣೆ.

ಇನ್ನು ನಮ್ಮ ಭಾಗದವರಿಗೆ ಮಾತ್ರ ದೊರೆಯುವ ಒಂದು ಕಾಗದದ ವಿಚಾರ. ಸಂವಿಧಾನದ 371(ಜೆ) ವಿಧಿಯ ಹೆಸರನ್ನು ಕೇಳದವರು ಇಲ್ಲಿಲ್ಲ. ಅದರ ತಿರುಳನ್ನು ತಿಳಿದವರು ಕಡಿಮೆ. ನಿಜಾಮರ ಕಾಲದಲ್ಲಿಯೇ ಹೈದರಾಬಾದ್ ಸಂಸ್ಥಾನದ ನೌಕರಿಗಳು ನಾಡಿನವರಿಗೆ ಸಲ್ಲಬೇಕೆಂಬ ‘ಮುಲ್ಕಿ’ ನಿಯಮವಿತ್ತು. 1956ರಲ್ಲಿ ಸಂಸ್ಥಾನ ಮೂರು ಪಾಲಾಯಿತು. ಆಂಧ್ರಕ್ಕೆ ಹೋದ ತೆಲಂಗಾಣದ ಪಾಲಿಗೆ 1973ರ ತಿದ್ದುಪಡಿಯಿಂದ 371(ಡಿ) ವಿಧಿ ಬಂದಿತು. ನಮ್ಮ ಪಾಲಿಗೆ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ, 98ನೆಯ ತಿದ್ದುಪಡಿಯಿಂದ 371(ಜೆ) ಸೇರಿ, 2013ರಲ್ಲಿ ನೌಕರಿಯ ಮೀಸಲಾತಿಯ ಆದೇಶ ಹೊರಟಿತು. ಅದರಂತೆ ಈ ಪ್ರದೇಶದೊಳಗಿನ ರಾಜ್ಯ ಸರ್ಕಾರಿ ಹುದ್ದೆಗಳ ನೇಮಕದಲ್ಲಿ ‘ಎ’ ಗುಂಪಿನ ಕಿರಿಯ ಶ್ರೇಣಿಗೂ ‘ಬಿ’ ಗುಂಪಿಗೂ ಶೇಕಡ 75, ‘ಸಿ’ ಗುಂಪಿಗೆ ಶೇಕಡ 80, ‘ಡಿ’ ಗುಂಪಿಗೆ ಶೇಕಡ 85 ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇಕಡ 8.

ಆದರೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಈ ಪಾಲು ತಾನಾಗಿ ಕೈಸೇರುವುದಿಲ್ಲ. ಸ್ಥಳೀಯನೆಂದು ತೋರಿಸುವ ಅರ್ಹತಾ ಪ್ರಮಾಣಪತ್ರ ಬೇಕು. ಅದನ್ನು ಕೊಡುವವರು ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು. ಹುಟ್ಟು, ವಾಸ, ವ್ಯಾಸಂಗಗಳ ದಾಖಲೆಗಳನ್ನು ಲಗತ್ತಿಸಿ ಅರ್ಜಿ ಕೊಡಬೇಕು. ಮಂಜೂರಾಗಲು ದಿನಗಳು ಹಿಡಿಯುತ್ತವೆ. ಜಾಹೀರಾತಿನ ಕೊನೆಯ ದಿನಾಂಕವಾದರೋ ಯಾರಿಗೂ ಕಾಯುವುದಿಲ್ಲ. ಮೀಸಲಾತಿಯ ಪ್ರಮಾಣಪತ್ರಗಳನ್ನು ಆ ದಿನದೊಳಗೆ, ನಿಗದಿಪಡಿಸಿದ ನಮೂನೆಯಲ್ಲಿಯೇ ಪಡೆದಿರಬೇಕೆಂದು ಲೋಕಸೇವಾ ಆಯೋಗ ಕೇಳುತ್ತದೆ. ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ ಎಂಬ ಪತ್ರಗಳಿಗೂ ಇದೇ ಮಾತು. ಅರ್ಜಿಯಲ್ಲಿ ಕೇಳಿರುವ ಕಡೆ ಗುರುತು ಹಾಕದೆ ಮುಂದೆ ಪತ್ರ ತಂದು ತೋರಿಸಿದರೆ ಪ್ರಯೋಜನವಿಲ್ಲ. ಅಧಿಸೂಚನೆಗಳಲ್ಲಿ ಎರಡು ಬಗೆಯ ಹುದ್ದೆಗಳನ್ನು ಬೇರೆ ಬೇರೆ ಕಾಣಿಸಿರುತ್ತಾರೆ. ‘ಉಳಿಕೆ ಮೂಲ ವೃಂದ’ ಎಂಬುದನ್ನು ಕಂಡು ಹುಡುಗರು ಬೆದರುತ್ತಾರೆ. ನಮ್ಮ ಪ್ರದೇಶದ ವೃಂದವನ್ನು ಬೇರ್ಪಡಿಸಿದ ಮೇಲೆ ಉಳಿದ ಹುದ್ದೆಗಳು ಎಂದಷ್ಟೇ ಅದರ ಅರ್ಥ. ರೈಲ್ವೆ, ಅಂಚೆ ಮೊದಲಾದ ಕೇಂದ್ರದ ನೌಕರಿಗೂ ಖಾಸಗಿ ನೌಕರಿಗೂ ಈ ಪತ್ರ ಸಲ್ಲುವುದಿಲ್ಲ.

ಕೇಂದ್ರದ ನೌಕರಿ ಎಂದಾಗ ನೆನಪಾಯಿತು. ಸಿಬ್ಬಂದಿ ಆಯ್ಕೆ ಆಯೋಗ ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಹಿಂದಿ ಇಂಗ್ಲಿಷುಗಳ ಜೊತೆಗೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸತೊಡಗಿದೆ. “ಹಿಂದಿ ಬರೂದಿಲ್ರೀ” ಎಂದು ಹಿಂಜರಿಯುತ್ತಿದ್ದ ಹಳ್ಳಿಯ ಹುಡುಗರಿಗೆ ಇದು ತೆರೆದ ಬಾಗಿಲು. ಇತ್ತ ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ 50 ಅಂಕ ಬರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಬಂದರೂ ವ್ಯರ್ಥ. ಮನೆಯ ಮಾತಾದ್ದರಿಂದ ಓದದೆ ಬರುತ್ತದೆಂದು ನಂಬಿದವರು ಪತ್ರಲೇಖನದಲ್ಲಿ, ಸಂಕ್ಷೇಪದಲ್ಲಿ ಎಡವುತ್ತಾರೆ. ಕನ್ನಡದ ಮೊದಲ ಲಕ್ಷಣಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ನಮ್ಮ ಜಿಲ್ಲೆಯ ಮಳಖೇಡದಲ್ಲಿ ಆಳುತ್ತಿದ್ದ ರಾಷ್ಟ್ರಕೂಟರ ಆಸ್ಥಾನದಲ್ಲಿ. ಆ ನೆಲದ ಮಕ್ಕಳು ಕನ್ನಡದಲ್ಲಿ ತಪ್ಪುವುದನ್ನು ಕಂಡರೆ ಕನ್ನಡ ಕಲಿಸುವ ನನಗೆ ಸಂಕಟವಾಗುತ್ತದೆ. ಸಂದರ್ಶನಕ್ಕೆ ಹೋದಾಗ “ಹೌದ್ರಿ, ಇಲ್ರಿ” ಎನ್ನಲು ನಾಚಬೇಡಿರಿ. ಅರ್ಧಂಬರ್ಧ ಬೆಂಗಳೂರು ಮಾತನ್ನು ಬಾಯಿಗೆ ತುರುಕಿಕೊಂಡು ತೊದಲುವುದಕ್ಕಿಂತ ನಮ್ಮ ಮಾತನ್ನು ಸ್ಪಷ್ಟವಾಗಿ ಆಡುವುದು ಮೇಲು. ತಿಳಿಯದ ಪ್ರಶ್ನೆಗೆ ತಿಳಿಯದೆನ್ನುವುದೂ ಒಂದು ಉತ್ತರವೇ.

ಒಂದು ಕಹಿ ಮಾತನ್ನು ನುಡಿಯದೆ ಮುಂದೆ ಹೋಗಲಾರೆ. 2021ರ ಅಕ್ಟೋಬರ್ 3ರಂದು 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅದರಲ್ಲಿನ ಅಕ್ರಮ ಮೊದಲು ಬಯಲಾದದ್ದು ನಮ್ಮ ಊರಿನ ಒಂದು ಕೇಂದ್ರದಿಂದ. 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದುಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಹಣ ಕೊಟ್ಟವರು ಸಿಕ್ಕಿಬಿದ್ದದ್ದು ನ್ಯಾಯ. ಆದರೆ ರಾತ್ರಿ ಹಗಲು ಓದಿ ಆಯ್ಕೆಯಾಗಿದ್ದ ಪ್ರಾಮಾಣಿಕರಿಗೂ ಎರಡು ವರ್ಷಕ್ಕೆ ಮೇಲ್ಪಟ್ಟು ನಷ್ಟವಾಯಿತು. ಆ ವರ್ಷಗಳನ್ನು ಅವರಿಗೆ ಯಾರೂ ಹಿಂದಿರುಗಿಸಿಲ್ಲ. ತಂದೆತಾಯಿಗಳೇ, “ಸಾಹೇಬರು ನಮ್ಮವರೇ ಇದ್ದಾರೆ, ಹೊಲ ಮಾರಿಯಾದರೂ ಕೊಡಿ” ಎಂದು ಮನೆಗೆ ಬರುವ ಮಧ್ಯಸ್ಥನಿಗೆ ಚಹ ಕೊಟ್ಟು ಕಳಿಸಿರಿ, ಹಣ ಕೊಡಬೇಡಿರಿ. ಕೊಟ್ಟರೆ ಹೊಲವೂ ಹೋಗುತ್ತದೆ, ಮಗನ ಮೇಲೆ ಮೊಕದ್ದಮೆಯೂ ಬರುತ್ತದೆ. ಖಾಸಗಿ ಕೆಲಸಕ್ಕೆ ನೋಂದಣಿ ಶುಲ್ಕವೆಂದೋ ಠೇವಣಿಯೆಂದೋ ಮುಂಗಡ ಕೇಳುವವರನ್ನೂ ಇದೇ ಸಾಲಿಗೆ ಸೇರಿಸಿರಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಯಲ್ಲಿಯೂ ಬಿಟ್ಟುಬರಬಾರದು. ತೋರಿಸಿ ಮರಳಿ ಪಡೆಯಬೇಕು.

ಎಲ್ಲರಿಗೂ ಸರ್ಕಾರಿ ನೌಕರಿ ಸಿಗುವುದಿಲ್ಲ. ಬೇಳೆ ಗಿರಣಿಯ ಲೆಕ್ಕಪತ್ರ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ, ಅಂಗಡಿ, ಆಸ್ಪತ್ರೆ ಇವೂ ನೌಕರಿಗಳೇ. ಇಲ್ಲಿ ಮೊದಲು ಕೇಳಬೇಕಾದದ್ದು ನೇಮಕಪತ್ರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಕೆಲಸಗಾರನಿಗೆ ನೇಮಕಪತ್ರ ಕೊಡಬೇಕೆಂದು ವಿಧಿಸಿವೆ. ಸಂಬಳದಲ್ಲಿ ಭವಿಷ್ಯನಿಧಿಗೆಂದು ಹಣ ಹಿಡಿದರೆ ಅದು ಖಾತೆಗೆ ಜಮೆಯಾಗಿದೆಯೇ ಎಂದು ಆಗಾಗ ನೋಡಿಕೊಳ್ಳಬೇಕು. ಹಿಡಿದದ್ದು ಬೇರೆ, ಕಟ್ಟಿದ್ದು ಬೇರೆ ಆಗುವುದುಂಟು.

ಕೆಲಸಕ್ಕೆ ಸೇರಿದ ಮೇಲಿನ ತೊಡಕುಗಳು ಹಲವು. ಅವುಗಳಲ್ಲಿ ಅರ್ಧಕ್ಕರ್ಧ ಬಾಯಿಮಾತಿನಿಂದ ಹುಟ್ಟಿದವು. ಸರ್ಕಾರಿ ನೌಕರನಿಗೆ ಮೊದಲ ಎರಡು ವರ್ಷ ಪರೀಕ್ಷಾರ್ಥ ಅವಧಿ. ಎರಡಕ್ಕಿಂತ ಕಡಿಮೆಯಿಲ್ಲವೆಂದು 1977ರ ನಿಯಮಗಳೇ ಹೇಳುತ್ತವೆ. ಆ ಕಾಲದಲ್ಲಿ ಹೊಸಬನ ಮೇಲೆ ಎಲ್ಲರ ಕೆಲಸವೂ ಬೀಳುವುದುಂಟು. ಮಾಡಿರಿ, ಕಲಿಯುತ್ತೀರಿ. ಆದರೆ ನಿಯಮಕ್ಕೆ ಸರಿಯಿಲ್ಲವೆಂದು ತೋರಿದ ಕೆಲಸವನ್ನು ಮೇಲಧಿಕಾರಿ ಬಾಯಲ್ಲಿ ಹೇಳಿದರೆ, ವಾದಕ್ಕೆ ನಿಲ್ಲದೆ, “ತಾವು ಇಂದು ಮೌಖಿಕವಾಗಿ ಆದೇಶಿಸಿದಂತೆ ಈ ಕಡತವನ್ನು ಮಂಡಿಸಿದ್ದೇನೆ, ದಯವಿಟ್ಟು ಲಿಖಿತ ಆದೇಶ ನೀಡಬೇಕು” ಎಂದು ಕಡತದಲ್ಲಿಯೇ ಒಂದು ಸಾಲು ಬರೆಯಿರಿ. ಆ ಸಾಲು ಬಿದ್ದ ಮೇಲೆ ಆದೇಶ ಹಿಂದಕ್ಕೆ ಹೋದದ್ದನ್ನು ಎಷ್ಟೋ ಶಿಷ್ಯರು ನನಗೆ ನಗುತ್ತ ಹೇಳಿದ್ದಾರೆ.

ಕಾರಣ ಕೇಳುವ ನೋಟಿಸು ಬಂದಿತೆನ್ನಿರಿ. ಆ ದಿನ ಉತ್ತರ ಬರೆಯಬೇಡಿರಿ, ಸಿಟ್ಟು ಶಾಯಿಗಿಂತ ಬೇಗ ಹರಿಯುತ್ತದೆ. ಆದರೆ ಕೊಟ್ಟ ಗಡುವನ್ನು ಮೀರಬೇಡಿರಿ. ನೋಟಿಸಿನ ಸಂಖ್ಯೆ, ದಿನಾಂಕ, ಅದು ನಿಮಗೆ ತಲುಪಿದ ದಿನ, ಇಷ್ಟನ್ನು ಮೊದಲು ಬರೆದು, ಕೇಳಿದ ಪ್ರತಿಯೊಂದಕ್ಕೂ ಬೇರೆ ಬೇರೆ ಉತ್ತರ ಕೊಡಬೇಕು. ತಡವಾದದ್ದು ನಿಜವಾದರೆ ನಿಜವೆನ್ನಿರಿ, ಕಾರಣ ಹೇಳಿರಿ. “ಎಲ್ಲರೂ ತಡವಾಗಿಯೇ ಬರುತ್ತಾರೆ” ಎಂದು ಬರೆದರೆ ಅದು ಉತ್ತರವಾಗಲಿಲ್ಲ, ಎಲ್ಲರ ಮೇಲೆ ದೂರಾಯಿತು. ಕೊಟ್ಟ ಉತ್ತರದ ನಕಲಿನ ಮೇಲೆ ಕಚೇರಿಯ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿ ಮನೆಯಲ್ಲಿಡಿರಿ.

ಹೆಣ್ಣುಮಕ್ಕಳಿಗೆ ಹೇಳಬೇಕಾದ ಮಾತು ಬೇರೆ ಇದೆ. ಅದನ್ನು ಮನೆಯ ಹಿರಿಯರೂ ಕೇಳಲಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಕಾಯಿದೆಯಾಗಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತವಾಗಿ ದೂರಬೇಕು; ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. “ನೌಕರಿ ಬಿಟ್ಟು ಮನೆಗೆ ಬಾ ತಾಯಿ” ಎಂದು ನಾವು ಪ್ರೀತಿಯಿಂದಲೇ ಅನ್ನುತ್ತೇವೆ. ಹಾಗೆ ಅಂದಾಗ ತಪ್ಪು ಮಾಡಿದವನು ಕುರ್ಚಿಯಲ್ಲಿ ಉಳಿಯುತ್ತಾನೆ, ಮಗಳು ಬೀದಿಗೆ ಬರುತ್ತಾಳೆ. ಆ ಮೂರು ತಿಂಗಳಲ್ಲಿ ಅವಳಿಗೆ ಬೇಕಾದದ್ದು ಜೊತೆಗೆ ಬಂದು ಕುಳಿತು ದೂರು ಬರೆಸುವ ಒಬ್ಬ ಅಣ್ಣ, ಒಬ್ಬ ಅಪ್ಪ.

ಕೊನೆಗೆ ರಾಜೀನಾಮೆ. ಅರ್ಜಿ, ಹಾಜರಿ, ತಾಕೀದು, ಮಂಜೂರು ಎಂಬ ನಮ್ಮ ಕಚೇರಿಯ ಮಾತುಗಳಂತೆ ಇದೂ ಪಾರಸಿಯ ದಾರಿಯಿಂದ ಬಂದದ್ದು. ‘ರಾಜಿ’ ಎಂದರೆ ಒಪ್ಪಿಗೆ, ‘ನಾಮೆ’ ಎಂದರೆ ಪತ್ರ. ಮನಸ್ಸೊಪ್ಪಿ ಬರೆಯಬೇಕಾದ ಪತ್ರವನ್ನು ನಮ್ಮ ಹುಡುಗರು ಮೇಲಿನವನೊಡನೆ ಜಗಳವಾದ ಸಂಜೆ ಮೊಬೈಲಿನಲ್ಲಿ ಎರಡು ಸಾಲು ಗೀಚಿ ಕಳಿಸುತ್ತಾರೆ, ಮರುದಿನದಿಂದ ಹೋಗುವುದನ್ನೇ ಬಿಡುತ್ತಾರೆ. ಹಾಗೆ ಮಾಡಿದವನು ಬರಬೇಕಾದ ಸಂಬಳ ಕೇಳಲು ಮುಖವಿಲ್ಲದೆ, ಅನುಭವಪತ್ರವಿಲ್ಲದೆ ಮತ್ತೆ ಬಸ್ಸು ಹತ್ತಬೇಕಾಗುತ್ತದೆ. ಬಿಡುವುದಾದರೆ ನೇಮಕಪತ್ರದಲ್ಲಿ ಹೇಳಿದಷ್ಟು ದಿನ ಮುಂಚಿತವಾಗಿ ತಿಳಿಸಿ, ಕೈಯಲ್ಲಿದ್ದ ಕೆಲಸದ ಪಟ್ಟಿ ಮಾಡಿ ಒಪ್ಪಿಸಿ, ಬಿಡುಗಡೆಪತ್ರವನ್ನೂ ಅನುಭವಪತ್ರವನ್ನೂ ಪಡೆದು ಹೊರಡಿರಿ. ಪಡೆದ ಕೂಡಲೇ, ಆ ಮೇಜಿನ ಮುಂದೆಯೇ ನಿಂತು, ಅದರಲ್ಲಿ ನಿಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿರಿ.