ಊರಲ್ಲಿ ಗಣಿ ಆಳು, ಊರಿಗಾಂನಲ್ಲಿ ದೊರೆ

1866ರಲ್ಲಿ ತಾಮ್ರದ ಬೆಲೆ ಬಿದ್ದು ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಗಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ನಮ್ಮ ಕೋಲಾರ ಜಿಲ್ಲೆಯ ಚರಿತ್ರೆ ಹೇಳುವವರು ಆ ಸಂಗತಿಯನ್ನು ಎತ್ತುವುದೇ ಇಲ್ಲ. ಅಪ್ಪ, ಅಜ್ಜನ ಕಾಲದಿಂದ ನೆಲದೊಳಗೆ ಇಳಿದು ಬದುಕಿದ್ದ ಜನ ಆ ಕಾರ್ನ್‌ವಾಲ್‌ನವರು. ಬೇರೆ ಕಸುಬು ಗೊತ್ತಿರಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾ ಎಂದು ಹೊರಟರು. ಭೂಮಿಯಲ್ಲಿ ಎಲ್ಲಿ ತೂತು ಕಂಡರೂ ತಳದಲ್ಲೊಬ್ಬ ಕಾರ್ನ್‌ವಾಲ್‌ನವನು ಇರುತ್ತಾನೆ ಎಂಬ ಮಾತು ಹುಟ್ಟಿಕೊಂಡಿದ್ದು ಹಾಗೆ. ಹಾಗೆ ಹೊರಟವರಲ್ಲಿ ಒಂದಿಷ್ಟು ಜನ ಊರಿಗಾಂ ಸುತ್ತಲಿನ ಕೋಲಾರದ ಚಿನ್ನದ ಗಣಿಗಳಿಗೂ, ಅಂದರೆ ಕೆಜಿಎಫ್‌ಗೂ ಬಂದರು.

ಮದ್ರಾಸಿನಲ್ಲಿ ಹಡಗು ಇಳಿದು ಜೋಲಾರಪೇಟೆಯ ಮೇಲೆ ಬಂದವರಿಗೆ ನಮ್ಮ ಟೇಕಲ್ ಕಾಣುತ್ತಿರಲಿಲ್ಲ. ಅವರು ಬೌರಿಂಗ್‌ಪೇಟೆಯಲ್ಲೇ, ಅಂದರೆ ಇಂದಿನ ಬಂಗಾರಪೇಟೆಯಲ್ಲೇ ಇಳಿಯುತ್ತಿದ್ದರು. ಟೇಕಲ್ಲಿನ ಬಂಡೆಗುಡ್ಡಗಳು ಅವರ ಕಣ್ಣಿಗೆ ಬೀಳುತ್ತಿದ್ದದ್ದು ಬೆಂಗಳೂರಿನ ದಂಡಿಗೆ ಹೋಗುವಾಗ: ಸೂಟು ಹೊಲಿಸಲು, ಮಕ್ಕಳನ್ನು ಬೋರ್ಡಿಂಗ್ ಶಾಲೆಗೆ ಬಿಡಲು, ಕುದುರೆ ರೇಸು ನೋಡಲು. ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗ 1864ರಲ್ಲೇ ಆಗಿತ್ತು. ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗಿನ ಹತ್ತು ಮೈಲಿ ಕವಲು ಮಾರ್ಗ ಬಂದದ್ದು 1894ರಲ್ಲಿ. ಅಲ್ಲಿಯವರೆಗೆ ಯಂತ್ರವಾಗಲಿ ಮೇಮ್‌ಸಾಹೇಬರ ಪಿಯಾನೊ ಆಗಲಿ ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲೇ ಹೋಗಬೇಕಿತ್ತು.

ಗಣಿ ಶುರುವಾದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ಮುಗಿಸುತ್ತೇನೆ. 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್‌ಗೆ ಊರಿನವರು ಮಣ್ಣು ತೊಳೆದು ಚಿನ್ನ ತೆಗೆದು ತೋರಿಸಿದರು. 1873ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಐರಿಷ್ ಮಾಜಿ ಸೈನಿಕ ಮೈಕೆಲ್ ಲ್ಯಾವೆಲ್ ಗಣಿ ತೋಡಲು ಮೈಸೂರು ಸರ್ಕಾರದ ಅನುಮತಿ ಕೇಳಿದ. ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಚಿನ್ನ ಅವನ ಕೈ ಹಿಡಿಯಲಿಲ್ಲ, ರಸ್ತೆ ಉಳಿಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಇಲ್ಲಿನ ಮೈಸೂರು ಮೈನ್ ಎಂಬ ಗಣಿ ಕಂಪನಿಯ ಬಂಡವಾಳ ಕರಗಿ ಹದಿಮೂರು ಸಾವಿರ ಪೌಂಡಿಗೆ ಇಳಿದಿತ್ತು. ಷೇರುದಾರರು ಅಂಗಡಿ ಮುಚ್ಚೋಣ ಎನ್ನುತ್ತಿದ್ದರು. ಆಗ ಟೇಲರ್ ಕಳಿಸಿದ ಕ್ಯಾಪ್ಟನ್ ಪ್ಲಮ್ಮರ್ ಎಂಬುವವನಿಗೆ ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು. ಈ ಕ್ಯಾಪ್ಟನ್ ಸೈನ್ಯದವನಲ್ಲ. ಕಾರ್ನ್‌ವಾಲ್‌ನಲ್ಲಿ ಗಣಿಯ ಮೇಸ್ತ್ರಿಗೆ ಅನ್ನುತ್ತಿದ್ದದ್ದೇ ಕ್ಯಾಪ್ಟನ್ ಎಂದು.

ಮೇಸ್ತ್ರಿಯಾದವನು ನಮ್ಮಲ್ಲಿಗೆ ಬಂದು ದೊರೆಯಾದ. ನಮ್ಮ ಕಡೆಯ ಹಳಬರ ಬಾಯಲ್ಲಿ ಬಿಳಿ ಚರ್ಮದವರೆಲ್ಲ ದೊರೆಗಳು, ಅವರ ಹೆಂಡತಿಯರೆಲ್ಲ ದೊರೆಸಾನಿಗಳು. ಅದರಲ್ಲಿ ಕಲೆಕ್ಟರೂ ಬಂದ, ಕಂಪ್ರೆಸರ್ ನೋಡಿಕೊಳ್ಳುವವನೂ ಬಂದ. ರೆಡ್ರುತ್ ಎಂಬ ಊರಲ್ಲಿ ಎರಡು ಕೋಣೆಯ ಕಲ್ಲಿನ ಮನೆಯಲ್ಲಿ ಬೆಳೆದವನಿಗೆ ಇಲ್ಲಿ ಬಂಗಲೆ, ಸುತ್ತ ಹೂದೋಟ, ಹಿಂದೆ ಆಳುಗಳ ಮನೆಸಾಲು. ಅವನ ತಾಯಿ ಅಲ್ಲಿ ಸ್ವಂತ ಕೈಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೆಂಡತಿಗೆ ಇಲ್ಲಿ ದೋಬಿ, ಬಟ್ಲರ್, ಆಯಾ, ಮಾಲಿ. ಇದರಲ್ಲಿ ಮಾಯೆಯೇನೂ ಇಲ್ಲ, ಎರಡು ಊರಿನ ಕೂಲಿಯ ಅಂತರ ಅಷ್ಟೇ. ಅಲ್ಲಿ ಒಬ್ಬ ಆಳನ್ನು ಇಟ್ಟುಕೊಳ್ಳಲಾಗದ ಸಂಬಳದಲ್ಲಿ ಇಲ್ಲಿ ಐದು ಜನರನ್ನು ಇಟ್ಟುಕೊಳ್ಳಬಹುದಾಗಿತ್ತು. ನಮ್ಮವರು ಕೊಲ್ಲಿ ದೇಶಕ್ಕೆ ಹೋಗಿ ದುಡಿದು ಊರಿಗೆ ಹಣ ಕಳಿಸುವ ಹಾಗೆ ಅವರೂ ತಿಂಗಳು ತಿಂಗಳು ಕಾರ್ನ್‌ವಾಲ್‌ಗೆ ಹಣ ಕಳಿಸುತ್ತಿದ್ದರು. ಕೊಲ್ಲಿಗೆ ಹೋದ ನಮ್ಮ ಹುಡುಗನನ್ನು ಅಲ್ಲಿ ಯಾರೂ ದೊರೆ ಅನ್ನುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಆ ಬಂಗಲೆಗಳ ಒಂದು ದಿನ ಹೇಗಿರುತ್ತಿತ್ತು ಎಂದು ನೋಡಬೇಕು. ಬೆಳಗಿನ ಜಾವ ಶಿಫ್ಟಿನ ಸೈರನ್. ದೊರೆ ಖಾಕಿ ಚಡ್ಡಿ, ಟೋಪಿ ಹಾಕಿಕೊಂಡು ಶಾಫ್ಟಿಗೆ ಹೊರಟ ಮೇಲೆ ಮನೆ ದೊರೆಸಾನಿಯದು ಎನ್ನುವುದು ಮಾತಿಗೆ. ನಡೆಸುತ್ತಿದ್ದವನು ಬಟ್ಲರ್. ಮಾರ್ಕೆಟ್ಟಿನಿಂದ ಬಂದವನು ವರಾಂಡದಲ್ಲಿ ನಿಂತು ಲೆಕ್ಕ ಒಪ್ಪಿಸಬೇಕು: ಕೋಳಿ ಇಷ್ಟು, ಮೊಟ್ಟೆ ಇಷ್ಟು, ತರಕಾರಿ ಇಷ್ಟು. ಪ್ರತಿಯೊಂದಕ್ಕೂ ಕಾಸು ಅರೆಕಾಸು ಮೇಲೆ ಇಟ್ಟಿರುತ್ತಾನೆ. ಅದು ಅವಳಿಗೂ ಗೊತ್ತು, ಅವಳಿಗೆ ಗೊತ್ತೆಂದು ಅವನಿಗೂ ಗೊತ್ತು. ಒಂದು ಮಿತಿಯೊಳಗೆ ಇದ್ದರೆ ಇಬ್ಬರೂ ಸುಮ್ಮನೆ. ಮಾತು ನಡೆಯುತ್ತಿದ್ದದ್ದು ಬಟ್ಲರ್ ಇಂಗ್ಲಿಷಿನಲ್ಲಿ, ನಡುವೆ ಅಷ್ಟಿಷ್ಟು ತಮಿಳು. ಕೋಲಾರ ಜಿಲ್ಲೆಯಲ್ಲೇ ಇದ್ದರೂ ಅವರ ಕಿವಿಗೆ ಕನ್ನಡ ಬಿದ್ದದ್ದು ಅಪರೂಪ. ಗಣಿಯೊಳಗಿನ ದುಡಿಮೆ ಉತ್ತರ ಆರ್ಕಾಟ್, ಸೇಲಂ ಕಡೆಯ ತಮಿಳರದು, ಚಿತ್ತೂರಿನ ತೆಲುಗರದು. ಪಾದ್ರಿಗಳೂ ತಮಿಳನ್ನೇ ಕಲಿತರು. ಮುಂದೆ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹೆಸರು ಕೊಟ್ಟ ಫ್ರೆಡ್ ಗುಡ್‌ವಿಲ್ ಇಲ್ಲಿ ಕೆಲಸ ಮಾಡಿದ್ದು ವೆಸ್ಲಿಯನ್ ತಮಿಳು ಮಿಷನ್ನಿನವರಾಗಿ.

ಸಂಜೆ ಕ್ಲಬ್ಬು. ಟೆನಿಸ್, ಬಿಲಿಯರ್ಡ್ಸ್, ಗಾಲ್ಫ್, ಆಮೇಲೆ ವಿಸ್ಕಿ. ಭಾನುವಾರ ಪ್ರಾರ್ಥನೆ. ಕಾರ್ನ್‌ವಾಲ್‌ನವರು ಬಹುಪಾಲು ಮೆಥಡಿಸ್ಟರು, ಹಾಡುವುದೆಂದರೆ ಪ್ರಾಣ. ಮೇಲಿನ ಅಧಿಕಾರಿಗಳು ಆಂಗ್ಲಿಕನ್ನರು, ಅವರ ಇಗರ್ಜಿಯೇ ಬೇರೆ. ಬಿಳಿಯರಲ್ಲೂ ಮೇಲುಕೀಳು ಇತ್ತು ಅನ್ನುವುದನ್ನು ನಮ್ಮವರು ಮರೆತುಬಿಡುತ್ತಾರೆ. ಸೂಪರಿಂಟೆಂಡೆಂಟ್ ಬಂಗಲೆ ಬೇರೆ, ಶಿಫ್ಟ್ ನೋಡುವವನ ಮನೆ ಬೇರೆ. ಅದಕ್ಕಿಂತ ಕೆಳಗೆ ಆಂಗ್ಲೋ ಇಂಡಿಯನ್ನರು. ಚಾತುರ್ವರ್ಣ್ಯವನ್ನು ನಮ್ಮಿಂದ ಕಲಿಯುವ ಅಗತ್ಯವೇನೂ ಅವರಿಗೆ ಇರಲಿಲ್ಲ.

ರಜೆ ಸಿಕ್ಕರೆ ಬೇತಮಂಗಲದ ಕೆರೆಯ ಕಡೆ ಪಿಕ್ನಿಕ್. ಪಾಲಾರ್ ಹೊಳೆಯ ಆ ಕೆರೆಯ ನೀರೇ ಪೈಪಿನಲ್ಲಿ ಗಣಿಗೂ ಬಂಗಲೆಗೂ ಬರುತ್ತಿತ್ತು. ಪಾಲಾರ್ ನೀರು ನಂಬಿಕೊಂಡ ರೈತರಿಗೆ ಮಳೆಯಿಲ್ಲದ ವರ್ಷ ಹೇಗಿರುತ್ತದೆಂದು ಕೋಲಾರದವರಿಗೆ ಹೇಳಬೇಕಾಗಿಲ್ಲ. ಬಂಗಲೆಯ ಗುಲಾಬಿಗೆ ಮಾತ್ರ ಬರವಿರಲಿಲ್ಲ. ವಿದ್ಯುತ್ತಿನ ಕಥೆಯೂ ಅಂಥದ್ದೇ. 1902ರ ಜೂನ್‌ನಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತೆಗೆದ ಕರೆಂಟು ತೊಂಬತ್ತೆರಡು ಮೈಲಿ ತಂತಿ ಹಾಯ್ದು ಮೊದಲು ಬಂದದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಆ ತಂತಿ ಹಾದು ಬಂದ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಇನ್ನೂ ಎಷ್ಟೋ ದಶಕ ಉರಿಯಿತು. ಪೂರೈಕೆಯೆಲ್ಲ ಸುತ್ತಣ ಸೀಮೆಯದು, ಬೆಳಕು ಮಾತ್ರ ಗಣಿಯ ಬೇಲಿಯೊಳಗೆ.

ಬೇಲಿಯೊಳಗೂ ಎಲ್ಲರಿಗೂ ಅಲ್ಲ. ಕೂಲಿಯವರು ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಇದ್ದರು. ಪ್ಲೇಗ್ ಬಂದಾಗ ಆ ಸಾಲುಗಳಲ್ಲಿ ಹೆಣ ಬಿದ್ದವು. ಅದರ ನಂತರವೇ ಅಚ್ಚುಕಟ್ಟಾದ ಪೇಟೆಯೊಂದು ಬೇಕೆಂದು ಹೊಳೆದು ರಾಬರ್ಟ್‌ಸನ್‌ಪೇಟೆ ಕಟ್ಟಿದ್ದು. ಕಳ್ಳತನದ ಭಯ ಕಂಪನಿಗೆ ಸದಾ ಇತ್ತು. ಶಾಫ್ಟಿನಿಂದ ಮೇಲೆ ಬಂದ ಕೂಲಿಯ ಮೈ ತಡಕುತ್ತಿದ್ದರು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಳ್ಳರನ್ನು ಗುರುತಿಸುವಂತೆ ನಮ್ಮನ್ನು ಗುರುತಿಸುತ್ತೀರಾ ಎಂಬ ಸಿಟ್ಟು. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ 43ಕ್ಕಿಂತ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಇತ್ತು. ಬಂಡೆ ಕೊರೆದ ದೂಳು ಬಣ್ಣ ನೋಡುವುದಿಲ್ಲ ಎಂಬುದೂ ನಿಜ. ಹೊರದೇಶದ ಗಣಿಗಳಿಂದ ಮರಳಿದ ಕಾರ್ನ್‌ವಾಲ್‌ನವರು ಎಳೆಯ ವಯಸ್ಸಿಗೇ ಎದೆರೋಗದಿಂದ ಸಾಯುತ್ತಿದ್ದುದನ್ನು 1904ರಷ್ಟು ಹಿಂದೆಯೇ ವಿಜ್ಞಾನಿ ಹಾಲ್ಡೇನ್ ಸರ್ಕಾರಕ್ಕೆ ವರದಿ ಮಾಡಿದ್ದರು. ಸಾವಿರಾರು ಅಡಿ ಕೆಳಗೆ ಬಂಡೆ ಸಿಡಿದರೆ ದೊರೆಯೂ ಕೂಲಿಯೂ ಒಟ್ಟಿಗೇ ಹೂತುಹೋಗುತ್ತಿದ್ದರು. ಮೇಲೆ ಬಂದರೆ ಸ್ಮಶಾನ ಬೇರೆ ಬೇರೆ.

ಇಲ್ಲೊಂದು ವಿಚಿತ್ರ ನನ್ನನ್ನು ಕಾಡುತ್ತದೆ. ಇದೇ ಟೇಲರ್ ಮನೆತನದ ಕಂಪನಿ 1820ರ ದಶಕದಲ್ಲಿ ಮೆಕ್ಸಿಕೊದ ರಿಯಲ್ ಡೆಲ್ ಮಾಂಟೆ ಎಂಬ ಬೆಳ್ಳಿ ಗಣಿಗೆ ಕಾರ್ನ್‌ವಾಲ್‌ನವರನ್ನು ಕರೆದೊಯ್ದಿತ್ತು. ಗಣಿಗೆ ಬುತ್ತಿ ಒಯ್ಯುವ ಅವರ ಪೇಸ್ಟಿ, ಅಂದರೆ ನಮ್ಮ ಕಡುಬಿನ ಆಕಾರದಲ್ಲಿ ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ತಿಂಡಿ, ಆ ಊರಿನದೇ ಆಗಿಬಿಟ್ಟಿದೆ. ಇಂದಿಗೂ ಅಲ್ಲಿ ಅಂಗಡಿ ಅಂಗಡಿಯಲ್ಲಿ ಮೆಣಸಿನಕಾಯಿ ಹಾಕಿ ಮಾರುತ್ತಾರೆ. ಕೋಲಾರದಲ್ಲೂ ಅವರು ಬಹುಕಾಲ ಇದ್ದರು. ಆದರೂ ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ಅಂಥದ್ದೊಂದು ಬೇರು ಬಿಡಲಿಲ್ಲ. ಅಲ್ಲಿ ಸಿಗುವುದು ದೋಸೆ, ಬಿರಿಯಾನಿ. ನನಗನಿಸುವುದು, ಮೆಕ್ಸಿಕೊದಲ್ಲಿ ಆಳೂ ಮೇಸ್ತ್ರಿಯೂ ಅಷ್ಟಿಷ್ಟಾದರೂ ಒಂದೇ ಬೀದಿಯಲ್ಲಿ ಬಾಳಿದರು. ಇಲ್ಲಿ ನಮ್ಮ ಮಡಿ ಅವರನ್ನು ಹೊರಗಿಟ್ಟಿತು, ಅವರ ಕ್ಲಬ್ಬು ನಮ್ಮನ್ನು ಹೊರಗಿಟ್ಟಿತು. ಎರಡು ಬೇಲಿ ದಾಟಿ ತಿಂಡಿ ಬರುವುದು ಕಷ್ಟ.

ಇಷ್ಟು ಗತ್ತಿನಲ್ಲಿ ಬದುಕಿದವರ ಕಾಲ ಕೆಳಗಿನ ನೆಲ ಮಾತ್ರ ಅವರದಾಗಿರಲಿಲ್ಲ. ಮೈಸೂರು ಅರಸರ ಸಂಸ್ಥಾನ. ಗಣಿ ಕಂಪನಿಗಳಿಗೆ ಇದ್ದದ್ದು ಗುತ್ತಿಗೆ, ತೆಗೆದ ಚಿನ್ನಕ್ಕೆ ರಾಜಧನ ಕಟ್ಟಬೇಕು. ಬಂಗಲೆ ಕಂಪನಿಯದು. ಕರಾರು ಮುಗಿದರೆ ಕುರ್ಚಿ ಮೇಜು ಹರಾಜು ಹಾಕಿ ರೈಲು ಹತ್ತಬೇಕು, ಮರುವಾರ ಅದೇ ಬಂಗಲೆಯಲ್ಲಿ ಇನ್ನೊಬ್ಬ ದೊರೆ, ಅದೇ ಬಟ್ಲರ್. ಇಲ್ಲಿ ಹುಟ್ಟಿದ ಮಕ್ಕಳು ದೊಡ್ಡವರಾಗುತ್ತಿದ್ದಂತೆ ‘ಹೋಮ್’ ಎನ್ನುವ, ಅವರು ನೋಡಿಯೇ ಇಲ್ಲದ ಊರಿಗೆ ಹೋಗಬೇಕು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. ಬ್ರಿಟಿಷರು ಒಬ್ಬೊಬ್ಬರಾಗಿ ಹೊರಟರು. 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು. ಈಗ ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಟೇಕಲ್, ಮಾಲೂರು ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಸೀಟು ಸಿಕ್ಕವರು ಅದೃಷ್ಟವಂತರು. ಸಿನಿಮಾ ನೋಡಿ ಕೆಜಿಎಫ್ ತಿಳಿದುಕೊಂಡವರು ಒಂದು ಸೋಮವಾರ ಈ ರೈಲಿನಲ್ಲಿ ಬಂದರೆ ಒಳ್ಳೆಯದು.

ಬದುಕಿಗಾಗಿ ಊರು ಬಿಡುವುದು ಬ್ರಿಟಿಷರಲ್ಲೂ ನಿಂತಿಲ್ಲ. ಆ ಕಾರ್ನ್‌ವಾಲ್‌ನವರ ಮರಿಮಕ್ಕಳ ತಲೆಮಾರಿನವರು ಈಗ ಹೋಗುತ್ತಿರುವ ಜಾಗಗಳಲ್ಲಿ ಫಿಲಿಪ್ಪೀನ್ಸ್ ಒಂದು. ಹೆಚ್ಚಿನವರು ದುಡಿಯಲು ಹೋದವರಲ್ಲ, ದುಡಿದು ಮುಗಿಸಿದವರು. ಸೆಬು, ಡುಮಾಗೆಟೆ, ಆಂಜಲಿಸ್ ಊರುಗಳಲ್ಲಿ ಬಾಡಿಗೆ ಮನೆ ಹಿಡಿದು, ಎಷ್ಟೋ ಮಂದಿ ಅಲ್ಲಿನವರನ್ನೇ ಮದುವೆಯಾಗಿ ಇದ್ದಾರೆ. ಲೆಕ್ಕ ಕೋಲಾರದ್ದೇ: ಬ್ರಿಟನ್ನಿನಲ್ಲಿ ಬಿಗಿಬಿಗಿಯಾಗುವ ಪಿಂಚಣಿಯಲ್ಲಿ ಫಿಲಿಪ್ಪೀನ್ಸಿನಲ್ಲಿ ಅಡುಗೆಯವಳನ್ನೂ ಇಟ್ಟುಕೊಳ್ಳಬಹುದು. ಆದರೆ ಕಾಯಿದೆ ಬರೆಯುವ ಲೇಖನಿ ಈಗ ಇವರ ಕೈಯಲ್ಲಿಲ್ಲ. 1987ರ ಸಂವಿಧಾನದ ಪ್ರಕಾರ ವಿದೇಶಿಯರು ಅಲ್ಲಿ ನೆಲ ಕೊಳ್ಳುವಂತಿಲ್ಲ. ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ವಿದೇಶಿಯರ ಪಾಲು ಶೇ 40 ಮೀರಬಾರದು. ಮನೆ ಕಟ್ಟಿಸಿದರೂ ಸೈಟು ಹೆಂಡತಿಯ ಹೆಸರಿನಲ್ಲೇ. ನೋಂದಾಯಿತ ವಿದೇಶಿಯರು ಪ್ರತಿ ವರ್ಷದ ಮೊದಲ ಅರವತ್ತು ದಿನಗಳೊಳಗೆ ವಲಸೆ ಇಲಾಖೆಗೆ ವರದಿ ಮಾಡಿಕೊಳ್ಳಬೇಕು, ಅದಕ್ಕೊಂದು ಗುರುತಿನ ಕಾರ್ಡು ಬೇರೆ. ಕಚೇರಿಯ ಸಾಲಿನಲ್ಲಿ ಫೈಲು ಹಿಡಿದು ನಿಂತ ಬಿಳಿ ಕೂದಲಿನವರನ್ನು ಕಂಡಿದ್ದರೆ ಬೆರಳಚ್ಚು ಕೊಡಲೊಲ್ಲದ 1930ರ ಚಾಂಪಿಯನ್ ರೀಫ್ ಗಣಿಯ ಕೂಲಿಯೊಬ್ಬ ನಗುತ್ತಿದ್ದನೋ ಏನೋ.

ಫಿಲಿಪ್ಪೀನ್ಸಿಗೆ ಈ ನಿವೃತ್ತರಿಗಿಂತ ಮುಂಚೆ ಹೋಗಿ ನೆಲೆಸಿದವರು ನಮ್ಮ ದಕ್ಷಿಣದವರೇ. 1762ರಲ್ಲಿ ಬ್ರಿಟಿಷ್ ಪಡೆ ಮದ್ರಾಸಿನಿಂದ ಹಡಗು ಬಿಟ್ಟು ಸ್ಪೇನಿನವರ ಕೈಯಲ್ಲಿದ್ದ ಮನಿಲಾ ಹಿಡಿಯಿತು. ಜೊತೆಗೆ ಸಿಪಾಯಿಗಳನ್ನು ಒಯ್ದಿತ್ತು. 1764ರಲ್ಲಿ ದಂಡು ಮರಳಿ ಹೊರಟಾಗ ಕೆಲವು ಸಿಪಾಯಿಗಳು ಹಡಗು ಹತ್ತದೆ ತಪ್ಪಿಸಿಕೊಂಡು, ಮನಿಲಾ ಪಕ್ಕದ ಕೈಂಟಾ ಎಂಬ ಊರಿನಲ್ಲಿ ಹೆಣ್ಣು ತಂದು ಸಂಸಾರ ಹೂಡಿದರು. ಅವರ ವಂಶದವರು ಈಗಲೂ ಅಲ್ಲಿದ್ದಾರೆ. ಕ್ಲಬ್ಬು ಕಟ್ಟದೆ, ಬಟ್ಲರ್ ಇಲ್ಲದೆ ಪರದೇಶದಲ್ಲಿ ಬದುಕಿದವರು ಊರಿನವರೇ ಆಗಿಹೋದರು.

ಒಬ್ಬ ಬ್ರಿಟಿಷ್ ನಿವೃತ್ತನಿಗೆ ಮುತ್ತಾತ ದುಡಿದ ಕೆಜಿಎಫ್‌ಗೇ ಬಂದು ಕೊನೆಗಾಲ ಕಳೆಯುವ ಆಸೆ ಬಂತೆನ್ನಿ. ಹವೆ ಫಿಲಿಪ್ಪೀನ್ಸಿಗಿಂತ ಎಷ್ಟೋ ಮೇಲು, ಚಂಡಮಾರುತದ ಕಾಟ ಇಲ್ಲ, ಬೆಂಗಳೂರು ಕೂಗಳತೆಯಲ್ಲಿ. ಆದರೆ ಬ್ರಿಟನ್ನಿನ ಸರ್ಕಾರಿ ಪಿಂಚಣಿಯ ನಿಯಮ ಬೇರೆಯೇ ಇದೆ: ಫಿಲಿಪ್ಪೀನ್ಸಿನಲ್ಲಿ ಇರುವವರಿಗೆ ಪಿಂಚಣಿ ವರ್ಷ ವರ್ಷ ಏರುತ್ತದೆ, ಆ ದೇಶದೊಂದಿಗೆ ಒಪ್ಪಂದವಿದೆ. ಭಾರತಕ್ಕೆ ಬಂದು ನೆಲೆಸಿದರೆ ಬಂದ ದಿನದ ಮೊತ್ತಕ್ಕೇ ನಿಂತುಬಿಡುತ್ತದೆ. ಹೀಗಾಗಿ ಅವನು ಸೆಬುವಿನ ವಿಮಾನವನ್ನೇ ಹತ್ತುತ್ತಾನೆ.