ಮೊದಲ ಫಸಲು ಕೈಕೊಟ್ಟರೂ

ತಾಳಕ್ಕೆ ಪ್ರಾಸದ ಮಾತು ಕೂಡಿಸುವ ರ್‍ಯಾಪ್ ನಮ್ಮ ಮನೆಯ ಹುಡುಗರ ಬಾಯಲ್ಲೂ ಇದೆ. ಅದರಲ್ಲಿ ಹೆಸರಾದವರು ಅಮೆರಿಕದ ಎಮಿನೆಮ್. ಹುಟ್ಟಿದ್ದು 1972ರಲ್ಲಿ. ತಂದೆ ಬಿಟ್ಟುಹೋದ ಮನೆ. ಒಂಬತ್ತನೆಯ ತರಗತಿಯಲ್ಲಿ ಮೂರು ಸಲ ನಪಾಸು. ಡೆಟ್ರಾಯಿಟ್ ಬಳಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಲೇ ಪದ ಕಟ್ಟಿದರು. 1996ರ ಮೊದಲ ಆಲ್ಬಮ್ ಮಾರಾಟವಾಗಲಿಲ್ಲ. ಅನುಕರಣೆ ಎಂಬ ಟೀಕೆ ಬೇರೆ. ಮರುವರ್ಷ ಲಾಸ್ ಏಂಜಲೀಸ್ ಸ್ಪರ್ಧೆಯಲ್ಲಿ ದಕ್ಕಿದ್ದು ಎರಡನೆಯ ಸ್ಥಾನ. ಆದರೆ ಅಲ್ಲಿಂದಲೇ ಅವರ ಹಾಡು ನಿರ್ಮಾಪಕ ಡಾ. ಡ್ರೆ ಅವರ ಕಿವಿಗೆ ಬಿತ್ತು. 1999ರ ಆಲ್ಬಮ್‌ಗೆ ಗ್ರ್ಯಾಮಿ ಬಂತು. 2003ರಲ್ಲಿ ರ್‍ಯಾಪ್ ಹಾಡಿಗೆ ಮೊದಲ ಆಸ್ಕರ್ ಘೋಷಣೆಯಾದಾಗ ಅವರು ಮನೆಯಲ್ಲಿ ನಿದ್ರಿಸುತ್ತಿದ್ದರು. ಗೆಲ್ಲುವ ನಂಬಿಕೆಯೇ ಇರಲಿಲ್ಲ! ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವವರು ನಾವು. ಹಾಡುವ ಮಗನಿಗೂ ಅಷ್ಟು ಕಾಲಾವಕಾಶ ಕೊಡೋಣವೇ?